ಕ್ಯಾಲೆಂಡರ್‌ನಲ್ಲಿ ಇಲ್ಲದ ಉದ್ಘಾಟನೆ

ನಮ್ಮ ಮಾಲೀಕರ ಈಮೇಲ್ ಕ್ಯಾಲೆಂಡರನ್ನು ನಮ್ಮೆಲ್ಲರ ಟಿಪ್ಪಣಿ ಆ್ಯಪ್‌ಗೆ ಜೋಡಿಸಿಕೊಟ್ಟವಳು ನಾನೇ. ಆ ಜೋಡಣೆಯನ್ನೇ ಹಿಡಿದುಕೊಂಡು ಅವರು ಮುಂದೆ ನನಗೆ ಮಾಡಿದ್ದು ನೆನಪಾದಾಗಲೆಲ್ಲ, ಒಂದು ಭಾನುವಾರ ಸಾಗರದ ಕ್ಲಿನಿಕ್ಕಿನಲ್ಲಿ ಅವರ ಪಕ್ಕ ಕೂತು "ಇಲ್ಲಿ ಒತ್ತಿ ಸರ್, ಈಗ ಅನುಮತಿ ಕೊಡಿ ಸರ್" ಎಂದು ಉಪಚಾರ ಮಾಡಿದ್ದೂ ನೆನಪಾಗುತ್ತದೆ. ಆಗ ಸಿಟ್ಟು ಇಮ್ಮಡಿಯಾಗುತ್ತದೆ.

ನಾನು ಕಿವಿ ಮತ್ತು ಮಾತಿನ ಚಿಕಿತ್ಸಕಿ. ಕಿವಿ ಮಂದವಾದವರಿಗೆ ಪರೀಕ್ಷೆ ಮಾಡುವುದು, ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಮಾಲೀಕರು ಡಾಕ್ಟರಲ್ಲ, ಕಿವಿಯ ಯಂತ್ರ ಮಾರುವವರು. ಸಾಗರದಲ್ಲಿ ದೊಡ್ಡ ಕ್ಲಿನಿಕ್ಕು, ಹೊಸನಗರದಲ್ಲಿ ಮೆಡಿಕಲ್ ಶಾಪಿನ ಮೇಲೊಂದು ಕೋಣೆ, ತೀರ್ಥಹಳ್ಳಿಯಲ್ಲಿ ಇನ್ನೊಂದು ಕೋಣೆ ಇಟ್ಟುಕೊಂಡಿದ್ದರು. ಮೂರು ಊರಿಗೂ ಪರೀಕ್ಷೆ ಮಾಡುವವಳು ನಾನೊಬ್ಬಳೇ, ಹೊತ್ತು ತಿರುಗುವ ಪರೀಕ್ಷೆಯ ಯಂತ್ರವೂ ಒಂದೇ. ರಿಪ್ಪನ್‌ಪೇಟೆ, ಕೋಣಂದೂರು ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ. ಸಾಗರದಲ್ಲಿ ಫೋನು ಹಿಡಿದು, ರೋಗಿಗಳಿಗೆ ಸಮಯ ಕೊಡುವ ರಿಸೆಪ್ಷನ್ನಿನ ಅಕ್ಕ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ಜೋಗದ ವಿದ್ಯುತ್ ಕೇಂದ್ರದಲ್ಲಿ ನೌಕರಿಯಲ್ಲಿದ್ದ.

ಯಾರು ಯಾವ ದಿನ ಎಲ್ಲಿ, ಯಾವ ರೋಗಿಗೆ ಏನು ಅಭ್ಯಾಸ ಕೊಟ್ಟಿದೆ, ಯಾರಿಗೆ ರಜೆ, ಎಲ್ಲವನ್ನೂ ನಾವಿಬ್ಬರು ಒಂದು ಟಿಪ್ಪಣಿ ಆ್ಯಪ್‌ನಲ್ಲಿ ಬರೆದಿಡುತ್ತಿದ್ದೆವು. ಮಾಲೀಕರಿಗೆ ಅದು ಆಗಿಬರಲಿಲ್ಲ.

"ನಂಗೆ ನಿಮ್ಮ ಆ್ಯಪೆಲ್ಲ ತೆಗೆದು ನೋಡೋಕಾಗಲ್ಲ. ನಾನು ನನ್ನ ಮೇಲ್‌ನ ಕ್ಯಾಲೆಂಡರಲ್ಲಿ ಹಾಕ್ತೀನಿ, ಅದು ನಿಮ್ಮಲ್ಲಿ ಬರ್ಬೇಕು. ನೀವು ಬರೆದಿದ್ದು ನನ್ನಲ್ಲಿ ಬರ್ಬೇಕು. ಆಗುತ್ತಾ?" ಎಂದರು.

ಆಗುತ್ತದೆ ಎಂದೆ. ವಿಡಿಯೋ ನೋಡಿ ಕಲಿತುಕೊಂಡು ಆ ಭಾನುವಾರ ಕೂತೆ. ಅವರ ಈಮೇಲ್‌ನಲ್ಲಿ ಎರಡು ಕ್ಯಾಲೆಂಡರ್ ಇದ್ದವು. ಕೆಲಸದ್ದು ನೀಲಿ, ಮನೆಯದ್ದು ಹಸಿರು. ಯಾವುದನ್ನು ಜೋಡಿಸಲಿ ಎಂದು ಕೇಳಿದ್ದಕ್ಕೆ, "ಕೆಲಸದ್ದು ಮಾತ್ರ. ನಾನು ನನ್ನ ಮಾವನ ಮನೆಗೆ ಹೋಗೋದು ನಿಮಗೆ ಯಾಕೆ?" ಎಂದು ನಕ್ಕರು. ನೀಲಿಗೆ ಗುರುತು ಹಾಕಿದೆ, ಹಸಿರನ್ನು ಬಿಟ್ಟೆ. ನಾವು ಆ್ಯಪ್‌ನಲ್ಲಿ ಬರೆದದ್ದು ಅವರ ನೀಲಿ ಕ್ಯಾಲೆಂಡರಿಗೆ ಹೋಗುತ್ತಿತ್ತು, ಅವರು ನೀಲಿಯಲ್ಲಿ ಅಳಿಸಿದ್ದು ನಮ್ಮ ಆ್ಯಪ್‌ನಿಂದಲೂ ಅಳಿಸಿಹೋಗುತ್ತಿತ್ತು. ಎರಡೂ ಕಡೆ ಹರಿಯುವ ನೀರಿನ ಹಾಗೆ. ಅವರಿಗೆ ಬಹಳ ಖುಷಿಯಾಯಿತು. ಅವತ್ತಿನಿಂದ ಅವರ ಬಾಯಲ್ಲಿ ಒಂದು ಮಾತು ಕಾಯಂ ಆಯಿತು: "ಕ್ಯಾಲೆಂಡರಲ್ಲಿ ಇಲ್ಲದ್ದು ಇಲ್ಲ."

ಮೊದಮೊದಲು ಅನುಕೂಲವೇ ಆಯಿತು. ನಂತರ ನನ್ನ ದಿನಗಳು ನನ್ನ ಕೈ ಬಿಟ್ಟವು. ಹೊಸನಗರದಲ್ಲಿ ನನ್ನ ಹತ್ತಿರ ಮಾತು ಕಲಿಯಲು ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು, ತೋಟದ ಮನೆಯವರು. ಪಾರ್ಶ್ವವಾಯುವಿನ ಮೇಲೆ ಅವರ ಬಾಯಿಂದ 'ಆ' ಎಂಬುದೊಂದು ಬಿಟ್ಟು ಏನೂ ಬರುತ್ತಿರಲಿಲ್ಲ. ಗಂಡ ಅವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬರುತ್ತಿದ್ದರು. ಅವರಿಗೆಂದು ಇಟ್ಟಿದ್ದ ಒಂದು ಗಂಟೆಯನ್ನು ಮಾಲೀಕರು ಎಲ್ಲೋ ಕಾರಿನಲ್ಲಿ ಕೂತು ಬೆರಳಿನಲ್ಲಿ ಎಳೆದು ಕಾಲು ಗಂಟೆ ಮಾಡುತ್ತಿದ್ದರು. ಉಳಿದ ಹೊತ್ತಿಗೆ ಯಂತ್ರ ಕೊಳ್ಳುವವರ ಪರೀಕ್ಷೆ. ಮಾತು ಕಲಿಸುವುದರಿಂದ ಯಂತ್ರ ಮಾರಾಟವಾಗುವುದಿಲ್ಲ. ಕೇಳಿದರೆ, "ಅಜ್ಜಿಗೆ ಇನ್ನು ಮಾತು ಬಂದು ಆಗ್ಬೇಕಾದ್ದೇನು ಮೇಡಂ?" ಎಂದಿದ್ದರು. ಆ ಮಾತನ್ನೂ ನಾನು ಎತ್ತಿಟ್ಟುಕೊಂಡಿದ್ದೆ.

ಆ ವರ್ಷ ಅಮ್ಮನಿಗೆ ಥೈರಾಯ್ಡ್ ಗಂಟು ತೆಗೆಸಬೇಕಾಯಿತು. ಅಮ್ಮ ನಮ್ಮೂರಿನ ಅಂಗನವಾಡಿ ನಡೆಸುವವಳು. ಅವಳ ಕಂಠ ಊರಿಗೇ ಪ್ರಸಿದ್ಧ. ಹಿತ್ತಲಲ್ಲಿ ನಿಂತು ಅಣ್ಣನನ್ನು ಊಟಕ್ಕೆ ಕೂಗಿದರೆ ಗದ್ದೆಯ ಆ ತುದಿಯಲ್ಲಿದ್ದ ಅವನ ಜೊತೆಗೆ ಇನ್ನೂ ನಾಲ್ಕು ಮನೆಯವರು ತಿರುಗಿ ನೋಡುತ್ತಿದ್ದರು. ನಮ್ಮಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದ ಕಾಲದಲ್ಲಿ ಒಡೆಯರ ಅಂಗಳದಲ್ಲಿ ದನಿ ತಗ್ಗಿಸಿ ಮಾತಾಡಿ ಸಾಕಾಗಿತ್ತಂತೆ. ಗದ್ದೆ ಸ್ವಂತದ್ದಾದ ಮೇಲೆ ಮಗಳಿಗೆ ಅವನು ಹೇಳಿಕೊಟ್ಟದ್ದು ಒಂದೇ, ಗಟ್ಟಿಯಾಗಿ ಮಾತಾಡು ಎಂದು.

ಶಿವಮೊಗ್ಗದ ಸರ್ಜನ್ ಮೊದಲೇ ಎಚ್ಚರಿಸಿದ್ದರು. ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿದೆ, ನರ ಉಳಿಸಲು ನೋಡುತ್ತೇವೆ, ಆದರೆ ದನಿ ಮೊದಲಿನ ಹಾಗೆ ಇರದೇ ಹೋಗಬಹುದು. ಇದು ನನ್ನದೇ ವಿದ್ಯೆ, ಇದರ ಅರ್ಥ ನನಗಿಂತ ಚೆನ್ನಾಗಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ಅಮ್ಮನ ಹತ್ತಿರ ಇರಬೇಕು, ಅವಳ ದನಿಯನ್ನು ಒಳ್ಳೆಯ ಮೈಕಿನಲ್ಲಿ ಹಿಡಿದಿಟ್ಟುಕೊಳ್ಳಬೇಕು ಎಂದು ನಿಶ್ಚಯಿಸಿದ್ದೆ. ಬಹಳ ದಿನ ಮುಂಚೆಯೇ ಆ್ಯಪ್‌ನಲ್ಲಿ 'ರಜೆ, ಅಮ್ಮನ ಆಪರೇಷನ್' ಎಂದು ಬರೆದೆ. ಅದು ಅವರ ಕ್ಯಾಲೆಂಡರಿಗೆ ಹೋಗಿದ್ದನ್ನು ಅವರ ಫೋನಿನಲ್ಲೇ ತೋರಿಸಿಯೂ ಇದ್ದೆ. ಆಯ್ತು ಆಯ್ತು ಎಂದಿದ್ದರು.

ಹಿಂದಿನ ದಿನ ಸಂಜೆ ರಿಸೆಪ್ಷನ್ನಿನ ಅಕ್ಕ ಫೋನು ಮಾಡಿದರು. "ನಾಳೆ ನೀವು ತೀರ್ಥಹಳ್ಳಿ ಅಂತ ತೋರಿಸ್ತಾ ಇದೆಯಲ್ಲ ಮೇಡಂ. ಶಿವಮೊಗ್ಗಕ್ಕೆ ಹೋಗಲ್ವಾ?"

ಆ್ಯಪ್ ತೆಗೆದು ನೋಡಿದೆ. ನನ್ನ ರಜೆ ಇರಲಿಲ್ಲ. ಆ ಜಾಗದಲ್ಲಿ ಬೆಳಿಗ್ಗೆಯಿಂದ ತೀರ್ಥಹಳ್ಳಿ, ಯಂತ್ರದ ಕಂಪನಿಯವರು ಗೊತ್ತು ಮಾಡಿದ ಗ್ರಾಹಕರು. ಮಾಲೀಕರಿಗೆ ಫೋನು ಹಚ್ಚಿದೆ.

"ಸರ್, ನಾಳೆ ನನ್ನ ರಜೆ ಇತ್ತು."

"ಕ್ಯಾಲೆಂಡರಲ್ಲಿ ರಜ ಏನೂ ಇಲ್ವಲ್ಲ."

"ನೀವು ಅಳಿಸಿದೀರಿ ಸರ್."

"ನೋಡಿ, ಕ್ಯಾಲೆಂಡರಲ್ಲಿ ಇಲ್ಲದ್ದು ಇಲ್ಲ. ಕಂಪನಿಯವರು ಜನ ಕರ್ಕೊಂಡು ಬರ್ತಾರೆ. ಆಪರೇಷನ್ ಮಧ್ಯಾಹ್ನ ಅಲ್ವಾ, ಬೇಗ ಮುಗಿಸಿ ಹೋಗಿ. ಆಪರೇಷನ್ ಮಾಡೋದು ಡಾಕ್ಟ್ರು, ನೀವಲ್ಲ." ಸ್ಪೀಕರಿನಲ್ಲಿ ಹಾಕಿದ್ದರು. ಹಿಂದೆ ಯಾರೋ ನಕ್ಕಿದ್ದು ಕೇಳಿತು.

ನಾನು ಹೋದೆ. ಮಧ್ಯಾಹ್ನದ ಆಪರೇಷನ್ನಿಗೆ ತೀರ್ಥಹಳ್ಳಿಯಿಂದ ಹೊರಟು ಮುಟ್ಟಬಹುದೆಂಬ ಲೆಕ್ಕ ನನ್ನದೂ ಆಗಿತ್ತು. ಕಿವಿ ಪರೀಕ್ಷೆ ಮಾಡುವುದು ಹೊರಗಿನ ಸದ್ದು ಒಳಗೆ ಬಾರದ ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ. ಫೋನು ಹೊರಗಿಡಬೇಕು. ಒಳಗೆ ಒಬ್ಬ ಮುದುಕರಿಗೆ ಸಣ್ಣ ಸಣ್ಣ ಸ್ವರ ಕೇಳಿಸಿ, ಕೇಳಿದಾಗ ಬೆರಳೆತ್ತಿ ಎನ್ನುತ್ತಿದ್ದೆ. ಹೊರಗೆ ಬಂದಾಗ ಅಣ್ಣನ ಫೋನು ಸಾಲಾಗಿ ಬಂದು ಹೋಗಿತ್ತು. ತಿರುಗಿ ಮಾಡಿದೆ.

"ಎಲ್ಲಿ ಹೋಗಿದ್ಯೇ? ಡಾಕ್ಟ್ರು ಅಮ್ಮನ್ನ ಮೊದ್ಲೇ ಕರ್ಕಂಡ್ರು. ನಿನ್ ಹತ್ರ ಮಾತಾಡ್ಬೇಕು ಅಂತ ಫೋನ್ ಕೈಯಲ್ಲೇ ಹಿಡ್ಕಂಡು ಕೂತಿದ್ಲು. ಈಗ ಒಳಗೆ ಹೋದ್ಲು."

ಅಮ್ಮ ಬದುಕಿ ಬಂದಳು. ಗಂಟೂ ಕೆಟ್ಟದ್ದಲ್ಲ ಎಂದಾಯಿತು. ಆದರೆ ಸಂಜೆ ನಾನು ಮಂಚದ ಹತ್ತಿರ ನಿಂತಾಗ ಅವಳು ಬಾಯಿ ತೆರೆದರೆ ಒಣಗಿದ ಬಾಳೆ ಎಲೆ ಉಜ್ಜಿದ ಹಾಗೆ ಬರೀ ಗಾಳಿ ಬಂತು. "ಬಂದ್ಯಾ" ಎಂದಿರಬೇಕು. ತುಟಿ ನೋಡಿ ತಿಳಿದೆ. ಏನು ಹೇಳಲು ಅಷ್ಟು ಸಲ ಫೋನು ಮಾಡಿಸಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಏನಿಲ್ಲ, ಸುಮ್ನೆ" ಎನ್ನುತ್ತಾಳೆ.

ಮಾಲೀಕರು ಮರುವಾರ, "ಅಮ್ಮ ಆರಾಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ನಾನು ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಬಿಟ್ಟಿದ್ದರೆ ಅವರು ಇನ್ನೊಬ್ಬರನ್ನು ಹುಡುಕಿಕೊಂಡು ಅದೇ ವಾರ ನನ್ನನ್ನು ಮರೆಯುತ್ತಿದ್ದರು. ಅವರು ನನ್ನನ್ನು ಮರೆಯಬಾರದು ಎನಿಸಿತು. ಬಾಳೆಕಾಯಿಯನ್ನು ಹೊಗೆಗಿಟ್ಟ ಹಾಗೆ ಸಿಟ್ಟನ್ನು ಒಳಗಿಟ್ಟುಕೊಂಡು, ಸರ್ ಸರ್ ಎನ್ನುತ್ತ ಮೂರೂ ಊರು ಓಡಾಡಿದೆ. ಸಂಜೆ ಮನೆಗೆ ಬಂದು ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ನನ್ನ ರೋಗಿಗಳಿಗೆ ಹೇಳಿಕೊಡುವ ಹಾಗೆ, ಗೋಡೆ ತಳ್ಳುತ್ತ 'ಆ' ಅನ್ನು ಎಂದು ಹೇಳಿಕೊಡುತ್ತಿದ್ದೆ. ಅವಳ ಕಂಠದಿಂದ ಗಾಳಿ ಬಂದಾಗಲೆಲ್ಲ ಆ ಮನುಷ್ಯನ ಮುಖ ಕಣ್ಣ ಮುಂದೆ ಬರುತ್ತಿತ್ತು.

ಅವಕಾಶ ತಾನಾಗಿ ಬಂತು. ತೀರ್ಥಹಳ್ಳಿಯಲ್ಲಿ ಮಾಲೀಕರು ಹೊಸ ಜಾಗ ಹಿಡಿದರು. ಮುಖ್ಯ ರಸ್ತೆಗೆ ಮುಖ ಮಾಡಿದ, ಗಾಜಿನ ಬಾಗಿಲಿನ ಅಂಗಡಿ. ಯಂತ್ರದ ಕಂಪನಿಯವರು ಆ ಕಡೆಯ ಮಾರಾಟವನ್ನೆಲ್ಲ ಅವರಿಗೇ ಕೊಡುವ ಮಾತಾಗಿತ್ತು. ಉದ್ಘಾಟನೆಗೆ ಆಮಂತ್ರಣ ಅಚ್ಚಾಯಿತು. ಉಚಿತ ಕಿವಿ ತಪಾಸಣೆ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ನನಗೆ ಆಮಂತ್ರಣ ಕೊಡಲಿಲ್ಲ, ಬಾಯಿಮಾತಿನಲ್ಲೂ ಹೇಳಲಿಲ್ಲ. ಕೆಲಸದವರಿಗೆ ಹೇಳುವುದೇನು, ಕ್ಯಾಲೆಂಡರಲ್ಲಿ ಹಾಕಿದರೆ ಬಂದು ನಿಲ್ಲುತ್ತಾರೆ. ಸಾಗರದ ಪೇಟೆಯಲ್ಲಿ ಒಂದು ಅಂಗಡಿಯ ಗಲ್ಲೆಯ ಮೇಲೆ ಆಮಂತ್ರಣ ನೋಡಿ ನನಗೆ ದಿನ ತಿಳಿಯಿತು.

ಆ್ಯಪ್‌ನಲ್ಲಿ ನೋಡಿದೆ. ಆ ದಿನ ಖಾಲಿಯಿತ್ತು.

ಏನಾಗಿದೆ ಎಂದು ತಕ್ಷಣ ಹೊಳೆಯಿತು. ಅವರು ಹೊಸ ಫೋನು ತೆಗೆದುಕೊಂಡಿದ್ದರು. ಅದರಲ್ಲಿ ಏನು ಬರೆದರೂ ತಾನಾಗಿ ಮನೆಯ ಕ್ಯಾಲೆಂಡರಿಗೆ, ಹಸಿರಿಗೆ, ಹೋಗಿ ಕೂರುತ್ತಿತ್ತು. ಒಂದೆರಡು ಸಲ ಹಾಗಾದಾಗ ನಾನೇ ಹೇಳಿದ್ದೆ, "ಸರ್, ಹಸಿರು ಬಣ್ಣದಲ್ಲಿ ಬಂದ್ರೆ ನಮಗೆ ಕಾಣಲ್ಲ, ನೀಲಿಗೆ ಬದಲಾಯಿಸ್ಬೇಕು" ಎಂದು. "ಬಣ್ಣ ನೋಡ್ತಾ ಕೂತ್ಕೊಳ್ಳೋಕೆ ನಂಗೆ ಪುರಸೊತ್ತಿಲ್ಲ" ಎಂದಿದ್ದರು.

ರಿಸೆಪ್ಷನ್ನಿನ ಅಕ್ಕನೂ ಗಮನಿಸಿದರು. "ತೀರ್ಥಹಳ್ಳಿ ಪ್ರೋಗ್ರಾಂ ನಮ್ಮಲ್ಲಿ ಬಂದೇ ಇಲ್ವಲ್ಲ ಮೇಡಂ. ಸರ್‌ಗೆ ಹೇಳ್ಲಾ?"

"ಬೇಡ ಅಕ್ಕ."

ಅವರು ನನ್ನ ಮುಖ ನೋಡಿದರು. "ಹೇಳ್ದಿದ್ರೆ ಆಗೋದು ಏನು ಅಂತ ಗೊತ್ತಲ್ಲ ನಿಮಗೆ?"

"ಗೊತ್ತು. ನಿಮಗೇನಾದ್ರೂ ಕೇಳಿದ್ರೆ ಕ್ಯಾಲೆಂಡರಲ್ಲಿ ಇರ್ಲಿಲ್ಲ ಅನ್ನಿ. ಅಷ್ಟು ಸತ್ಯ ಸಾಕು."

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ನಂಗೂ ತಮ್ಮನ ಮದುವೆಗೆ ರಜ ಕೊಟ್ಟಿರ್ಲಿಲ್ಲ" ಎಂದರು. ಫೋನು ಎತ್ತಿಕೊಂಡು ಮುಂದಿನ ರೋಗಿಗೆ ಸಮಯ ಹೇಳತೊಡಗಿದರು.

ಸುಮ್ಮನಿದ್ದರೆ ಸಾಕಿತ್ತು. ನನಗೆ ಸಾಕಾಗಲಿಲ್ಲ. ಆ ದಿನದ ಖಾಲಿ ಜಾಗದಲ್ಲಿ ನಾನೇ ಬರೆದೆ: 'ಹೊಸನಗರ, ಮಾತಿನ ಚಿಕಿತ್ಸೆ, ಇಡೀ ದಿನ. ಪರೀಕ್ಷೆಯ ಯಂತ್ರ ಜೊತೆಗೆ.' ಅದು ಅವರ ಫೋನಿಗೆ ಹೋಗಿ ಟಿಂಗ್ ಎಂದಿತು. ಆಗ ನಾನು ಎದುರಿಗೇ ನಿಂತಿದ್ದೆ. ಅವರು ಓದದೆ, ಎಂದಿನಂತೆ, ಹೆಬ್ಬೆರಳಲ್ಲಿ 'ಸರಿ' ಒತ್ತಿ ಫೋನು ಜೇಬಿಗೆ ಹಾಕಿಕೊಂಡರು. ಅಷ್ಟು ಸುಖ ನನಗೆ ಆ ಕ್ಲಿನಿಕ್ಕಿನಲ್ಲಿ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಪರೀಕ್ಷೆಯ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೊಸನಗರದ ಬಸ್ಸು ಹತ್ತಿದೆ. ಅಜ್ಜಿ ಮತ್ತು ಅವರ ಗಂಡ ಬಂದರು. ಬಹಳ ತಿಂಗಳ ಮೇಲೆ ಮೊದಲ ಸಲ ಅವರಿಗೆ ಗಡಿಯಾರ ನೋಡದೆ ಸಮಯ ಕೊಟ್ಟೆ. ಚಮಚ, ಲೋಟ, ಬಾಚಣಿಗೆ ಎದುರಿಗಿಟ್ಟು ಒಂದೊಂದನ್ನೇ ಹೆಸರಿಸಲು ಹೇಳಿದೆ. ಅಜ್ಜಿಗೆ ಬರಲಿಲ್ಲ, ಬೆವರಿದರು. ಗಂಡ ತಡೆಯಲಾಗದೆ, "ಚಮಚ ಹೇಳು, ಚ, ಚ, ಚಮಚ" ಎಂದು ಪಕ್ಕದಿಂದ ಹೇಳಿಕೊಡತೊಡಗಿದರು. ನಾನು ಬೇಡ ಎನ್ನುವಷ್ಟರಲ್ಲಿ ಅಜ್ಜಿ ಅವರ ಕಡೆ ತಿರುಗಿ, ಸ್ಪಷ್ಟವಾಗಿ, "ಮಳ್ಳ" ಎಂದರು.

ಮುದುಕರ ಕಣ್ಣಲ್ಲಿ ನೀರು ಬಂತು. "ಮೇಡಂ, ನನ್ನನ್ನೇ ದಡ್ಡ ಅಂತ ಬೈತು ಇದು. ಎಷ್ಟು ಸ್ಪಷ್ಟ ಇದ್ದು ನೋಡಿ. ಮೊದಲೂ ಹೀಂಗೇ ಬೈತಿತ್ತು" ಎಂದು ನಗುತ್ತ ಅಳುತ್ತ ಹೇಳಿದರು.

ನನ್ನ ಫೋನು ಅದುರಿದ್ದು ಆ ಹೊತ್ತಿಗೆ. ಕ್ಷಮಿಸಿ ಎಂದು ಹೇಳಿ ಮೆಟ್ಟಿಲಿಗೆ ಬಂದೆ.

"ಎಲ್ಲಿದೀರಿ?" ಮಾಲೀಕರ ಹಿಂದೆ ಜನರ ಗದ್ದಲ.

"ಹೊಸನಗರದಲ್ಲಿ ಸರ್."

"ಹೊಸನಗರದಲ್ಲಿ ಏನ್ ಮಾಡ್ತಿದೀರಿ? ಇಲ್ಲಿ ಅಂಗಡಿ ತುಂಬ ಜನ ಕೂತಿದಾರೆ. ಕಂಪನಿಯವರು ಬೆಂಗಳೂರಿಂದ ಬಂದಿದಾರೆ. ಮಷೀನ್ ಎಲ್ಲಿ?"

"ನನ್ನ ಹತ್ರಾನೇ ಇದೆ ಸರ್. ಕ್ಯಾಲೆಂಡರಲ್ಲಿ ಹಾಗೇ ಇದೆ. ನೀವು ಸರಿ ಅಂತ ಒತ್ತಿದೀರಿ."

"ಇವತ್ತು ಉದ್ಘಾಟನೆ ಅಂತ ಇಡೀ ಊರಿಗೆ ಗೊತ್ತು."

"ಊರಿಗೆ ಗೊತ್ತಿರಬಹುದು ಸರ್. ಕ್ಯಾಲೆಂಡರಲ್ಲಿ ಇಲ್ಲದ್ದು ಇಲ್ಲ."

ಗದ್ದಲ ಮಾತ್ರ ಕೇಳುತ್ತಿತ್ತು. ಯಾರೋ ಮುದುಕರು, ಕಿವಿ ಕೇಳದವರ ಎತ್ತರದ ದನಿಯಲ್ಲಿ, "ಡಾಕ್ಟ್ರು ಬರಲ್ವಂತೋ?" ಎಂದು ಕೇಳುತ್ತಿದ್ದರು. ನಾನು ಫೋನು ಇಡಲಿಲ್ಲ. ಅವರೇ ಇಡಲಿ ಎಂದು ಹಿಡಿದುಕೊಂಡು ನಿಂತೆ.

ಎರಡು ದಿನ ಬಿಟ್ಟು ಸಾಗರದ ಕ್ಲಿನಿಕ್ಕಿಗೆ ಕರೆಸಿದರು. ಕಂಪನಿಯ ಮನುಷ್ಯ ಕೂತಿದ್ದ. ಮಾಲೀಕರು ಮೇಜು ಗುದ್ದಿ, ಈ ಹೆಂಗಸು ಬೇಕಂತ ಮಾಡಿದ್ದು ಎಂದರು. ನಾನು ಆ್ಯಪ್ ತೆಗೆದು ಮೇಜಿನ ಮೇಲಿಟ್ಟೆ. ಕಂಪನಿಯವನು ಅದನ್ನೂ ಮಾಲೀಕರ ಫೋನನ್ನೂ ನೋಡಿದ. "ಸರ್, ಇದಕ್ಕೆ ನೀವೇ ಓಕೆ ಕೊಟ್ಟಿದೀರಿ. ಪ್ರೋಗ್ರಾಂ ನಿಮ್ಮ ಪರ್ಸನಲ್ ಕ್ಯಾಲೆಂಡರಲ್ಲಿ ಇದೆ, ಸ್ಟಾಫ್‌ಗೆ ಹೇಗೆ ಗೊತ್ತಾಗುತ್ತೆ?" ಎಂದು ಹೇಳಿ ಎದ್ದು ಹೊರಗೆ ಹೋದ.

ನಾವಿಬ್ಬರೇ ಉಳಿದೆವು. ಅಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಅಚಾತುರ್ಯ ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಆ ಸಮಾಧಾನವನ್ನೂ ನಾನು ಅವರಿಗೆ ಬಿಡಲು ತಯಾರಿರಲಿಲ್ಲ.

"ಹೌದು ಸರ್, ಬೇಕಂತಲೇ ಮಾಡಿದೆ. ಹಸಿರಿಗೆ ಹೋಗಿದೆ ಅಂತ ಗೊತ್ತಿತ್ತು. ಹೇಳಲಿಲ್ಲ."

ಅವರ ಮುಖ ಬಿಳುಚಿಕೊಂಡಿತು. ಕೆಳದುಟಿ ನಡುಗಿತು. "ಯಾಕೆ? ನಿಮ್ಮ ತಾಯಿ ವಿಷಯಕ್ಕಾ? ಅವರು ಬದುಕಿದಾರಲ್ಲ."

"ಬದುಕಿದಾರೆ. ನೀವೂ ಬದುಕಿದೀರಿ" ಎಂದೆ. ಪರೀಕ್ಷೆಯ ಯಂತ್ರವನ್ನು ಮೇಜಿನ ಮೇಲಿಟ್ಟು, ಅಲ್ಲೇ ಕೂತು ಅವರ ಕಣ್ಣೆದುರಿಗೇ ರಾಜೀನಾಮೆ ಟೈಪ್ ಮಾಡಿ ಅವರ ಈಮೇಲ್‌ಗೆ ಕಳಿಸಿದೆ.

ತೀರ್ಥಹಳ್ಳಿಯ ಮಾರಾಟ ಕಂಪನಿಯವರು ಬೇರೆಯವರಿಗೆ ಕೊಟ್ಟರು. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಈ ಸುದ್ದಿ ಹೇಳಿದವರು ರಿಸೆಪ್ಷನ್ನಿನ ಅಕ್ಕ. ಇನ್ನೊಂದು ಸಲ ಹೇಳಿ ಅಕ್ಕ, ಸರಿಯಾಗಿ ಕೇಳಲಿಲ್ಲ ಎಂದು ಮತ್ತೆ ಹೇಳಿಸಿದೆ. ಸರಿಯಾಗಿಯೇ ಕೇಳಿತ್ತು.

ಅವತ್ತು ಉಚಿತ ತಪಾಸಣೆ ಎಂದು ನಂಬಿ ಬಂದು ಹಾಗೇ ವಾಪಸು ಹೋದವರಲ್ಲಿ ಕವಲೇದುರ್ಗದ ಕಡೆಯಿಂದ ಬಸ್ಸು ಹತ್ತಿ ಬಂದ ಮುದುಕರೂ ಇದ್ದರಂತೆ. ಅವರ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಓದಿದ ಕಾಲೇಜಿನ ಗೆಳತಿಯಿಂದ ಯಂತ್ರ ತರಿಸಿಕೊಂಡು, ಆ ಕಡೆಯ ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸಿ, ಒಂದು ಶಾಲೆಯ ಜಗುಲಿಯಲ್ಲಿ ಎಲ್ಲರ ಕಿವಿಯನ್ನೂ ನೋಡಿದೆ. ಬಂದವರು ಮಾಲೀಕರನ್ನು ಬೇಕಾದ ಹಾಗೆ ಬೈದರು. ನಾನು ತಡೆಯಲಿಲ್ಲ. ಕಿವಿ ಮಂದವಾದವರು ಬೈಯುವುದು ಬಹಳ ಜೋರಾಗಿ.

ಈಗ ಹೊಸನಗರದಲ್ಲಿ ನನ್ನದೇ ಒಂದು ಕೋಣೆಯಿದೆ. ಅಜ್ಜಿಗೆ 'ಚಮಚ' ಇನ್ನೂ ಬಂದಿಲ್ಲ, ಬೈಗುಳ ಮಾತ್ರ ನಾಲ್ಕೈದು ಬಂದಿವೆ. ಒಮ್ಮೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಮಾಲೀಕರು ಎದುರಾದರು. ಏನೋ ಹೇಳಲು ಬಾಯಿ ತೆರೆದರು. ನಾನು ನಿಂತು ನೋಡಿದೆ, ಅವರು ಪಕ್ಕಕ್ಕೆ ಸರಿದು ಹೋದರು. ಸಿಟ್ಟು ಇಳಿಯಿತೇ ಎಂದು ಆಗ ನನ್ನನ್ನೇ ಕೇಳಿಕೊಂಡೆ. ಇಳಿದಿರಲಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ಅಮ್ಮನ ದನಿ ಅರ್ಧ ವಾಪಸು ಬಂದಿದೆ. ಗದ್ದೆಯ ತುದಿಗೆ ಮುಟ್ಟುವುದಿಲ್ಲ, ಜಗುಲಿಯಿಂದ ಅಡುಗೆಮನೆಗೆ ಮುಟ್ಟುತ್ತದೆ. ಅಂಗನವಾಡಿಯಲ್ಲಿ ಮಕ್ಕಳು ಅವಳ ಕಥೆ ಕೇಳಲು ಮೊಣಕಾಲಿನ ಹತ್ತಿರ ಒತ್ತಿಕೊಂಡು ಕೂರುತ್ತವೆ. ಉದ್ಘಾಟನೆಯ ವಿಷಯವನ್ನು ನಾನು ಅವಳಿಂದ ಮುಚ್ಚಿಟ್ಟಿದ್ದೆ, ಬೈಯುತ್ತಾಳೆ ಎಂದು. ಕೊನೆಗೊಂದು ಮಧ್ಯಾಹ್ನ ಹಲಸಿನಕಾಯಿ ಬಿಡಿಸುತ್ತ ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೈಗೆ ಎಣ್ಣೆ ಸವರಿಕೊಳ್ಳುತ್ತ ಕೇಳಿದಳು.

"ಪಾಪ, ಆ ವಯಸ್ಸಾದೋರು ಬಂದು ಹೋದ್ರಲ್ಲೇ" ಎಂದಳು ಗೊಗ್ಗರು ದನಿಯಲ್ಲಿ.

"ಅವ್ರಿಗೆ ಆಮೇಲೆ ನೋಡಿಕೊಟ್ಟೆ ಅಮ್ಮ."

"ಹ್ಞೂಂ." ಎರಡು ತೊಳೆ ಬಿಡಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಅಣ್ಣ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರ ಬಗ್ಗಿದಳು. "ನೀನು ಬೇಕಂತಲೇ ಮಾಡ್ದೆ ಅಂದಾಗ ಅವನ ಮುಖ ಹೆಂಗಾಯ್ತೇ?"

ಬಿಳುಚಿಕೊಂಡಿತು, ಕೆಳದುಟಿ ನಡುಗಿತು ಎಂದೆ. ಅಮ್ಮ ಭುಜ ಕುಣಿಸಿ, ದನಿಯಿಲ್ಲದೆ, ಬಹಳ ಹೊತ್ತು ನಕ್ಕಳು.